ಒಂದು ಕ್ರಯಪತ್ರ, ಎರಡು ಕೋರ್ಟು

ನಮ್ಮ ಸಂಘದ ಸದಸ್ಯರೊಬ್ಬರು ಈ ಸಲವೂ ಬೆಳೆಸಾಲದ ಅರ್ಜಿ ಹಿಡಿದು ಕಚೇರಿಗೆ ಬಂದಿದ್ದರು. ಕೊಡಲಾಗಲಿಲ್ಲ. ಅವರ ಎರಡು ಎಕರೆ ಅಡಿಕೆ ತೋಟದ ಪಹಣಿಯಲ್ಲಿ ಈಗ ಬೇರೆಯವರ ಹೆಸರಿದೆ. ಔಷಧಿ ಹೊಡೆಸುವವರು, ಕೊನೆ ತೆಗೆಸುವವರು ಇವರೇ. ಕಾಗದದ ಮೇಲೆ ಮಾತ್ರ ತೋಟ ಇವರದಲ್ಲ. ಅವರು ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದಾಗ ನನಗಾದ ನೋವಿಗೆ ಇನ್ನೊಂದು ಕಾರಣವೂ ಇದೆ. ಈ ವ್ಯಾಜ್ಯದ ಮೊದಲ ದಿನ ಅವರಿಗೆ ತಪ್ಪು ಸಲಹೆ ಕೊಟ್ಟವನು ನಾನೇ.

ನಡೆದದ್ದು ಇಷ್ಟು. ಸಾಲದ ಜಾಮೀನಿಗೆಂದು ಹೇಳಿ ಅವರ ವೃದ್ಧ ತಾಯಿಯನ್ನು ನೆಂಟರೊಬ್ಬರು ನೋಂದಣಿ ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತಿಸಿದರು. ಅದು ಕ್ರಯಪತ್ರವೆಂದು ಮನೆಯವರಿಗೆ ತಿಳಿದದ್ದು ಖಾತೆ ಬದಲಾವಣೆಯ ನೋಟೀಸು ಬಂದಾಗ. "ಮೊದಲು ಪೊಲೀಸರಿಗೆ ದೂರು ಕೊಡಿ, ಜೈಲಿನ ಭಯ ಹುಟ್ಟಿದರೆ ಕಾಗದ ತಾನಾಗಿ ವಾಪಸು ಬರುತ್ತದೆ" ಎಂದೆ. ಪದವಿ ಪಡೆದ ಮಾತ್ರಕ್ಕೆ ಕಾನೂನು ತಿಳಿದಂತಾಗುವುದಿಲ್ಲ. ಮೊಕದ್ದಮೆ ನಡೆಯಿತು. ಮೂಲಪತ್ರ ಹೆಬ್ಬೆಟ್ಟಿನ ಪರೀಕ್ಷೆಗೆ ಹೋಯಿತು. ಹೆಬ್ಬೆಟ್ಟು ತಾಯಿಯದೇ ಎಂದು ವರದಿ ಬಂತು. ಆಗಿದ್ದ ಮೋಸವನ್ನು ಹೇಳಬಲ್ಲವರು ಆಕೆಯೊಬ್ಬರೇ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರುವಾಗ ಆಕೆ ತೀರಿಕೊಂಡರು. ಆರೋಪಿಗಳು ಸಂಶಯದ ಲಾಭ ಪಡೆದು ಬಿಡುಗಡೆಯಾದರು. ಬಳಿಕ ಸಿವಿಲ್ ದಾವೆ ಹೂಡಿದರೆ ಎದುರಾಳಿಯ ಮೊದಲ ತಕರಾರೇ "ಅವಧಿ ಮೀರಿದೆ" ಎಂಬುದು.

ಆ ತಕರಾರು ಸಣ್ಣದಲ್ಲ. ಪತ್ರವನ್ನು ರದ್ದುಪಡಿಸುವ ದಾವೆಗೆ 1963ರ ಲಿಮಿಟೇಷನ್ ಕಾಯಿದೆ ಕೊಡುವುದು 3 ವರ್ಷ. ಅದೂ ಮೋಸ ತಿಳಿದ ದಿನದಿಂದ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ ಎಂದರೆ ಈ ಗಡಿಯಾರ ನಿಲ್ಲುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ದಾನಪತ್ರದ ಪ್ರಕರಣದಲ್ಲಿ, ಗಂಡ ಹೆಂಡತಿಗೆ ಮಾಡಿದ ವಂಚನೆಯನ್ನು ನಂಬಿಯೂ, ತಿಳಿದ ಮೇಲೆ ಆಕೆ ತಡಮಾಡಿದರೆಂದು 1968ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಲಿಲ್ಲ.

ಎರಡು ಕೋರ್ಟುಗಳು ಕೇಳುವ ಪ್ರಶ್ನೆಯೇ ಬೇರೆ. ಈ ಮನುಷ್ಯ ಅಪರಾಧಿಯೇ ಎಂದು ಕೇಳುವುದು ಕ್ರಿಮಿನಲ್ ಕೋರ್ಟು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು. ಆಸ್ತಿ ಯಾರದು ಎಂದು ಕೇಳುವುದು ಸಿವಿಲ್ ಕೋರ್ಟು. ಅಲ್ಲಿ ತಕ್ಕಡಿ ಯಾವ ಕಡೆ ಹೆಚ್ಚು ವಾಲಿತೆಂದು ನೋಡಿದರೆ ಸಾಕು. ಒಂದರ ತೀರ್ಮಾನ ಇನ್ನೊಂದನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2005ರಲ್ಲಿ ಹೇಳಿದೆ. ಆದುದರಿಂದ ಬಿಡುಗಡೆಯಾದವನಿಗೆ ತೋಟ ಸಿಕ್ಕಿತೆಂದಲ್ಲ, ಶಿಕ್ಷೆಯಾದರೆ ಕ್ರಯಪತ್ರ ತಾನಾಗಿ ರದ್ದಾಯಿತೆಂದೂ ಅಲ್ಲ. ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ. ಒಂದು ಮುಗಿಯಲೆಂದು ಇನ್ನೊಂದಕ್ಕೆ ಕಾದವರು ಕೆಟ್ಟರು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಪಾಲಿನ ಜಗಳಕ್ಕೆ ಫೋರ್ಜರಿ ಎಂದು ಹೆಸರಿಟ್ಟು ದಾಯಾದಿಯನ್ನು ಠಾಣೆಗೆ ಎಳೆಯುವ ಚಟ ನಮ್ಮ ಮಲೆನಾಡಿನಲ್ಲಿ ಹೆಚ್ಚುತ್ತಿದೆ. ಒಬ್ಬ ತನ್ನದಲ್ಲದ ಜಮೀನನ್ನು ತನ್ನದೆಂದು ಹೇಳಿ ತನ್ನ ಹೆಸರಿನಲ್ಲೇ ಬರೆದುಕೊಟ್ಟರೆ ಅಷ್ಟಕ್ಕೇ ಅದು ಸುಳ್ಳು ದಸ್ತಾವೇಜಾಗದು ಎಂದು 2009ರಲ್ಲಿ ತೀರ್ಪಾಗಿದೆ. ಹಣ ಕೊಟ್ಟು ಮೋಸಹೋದ ಖರೀದಿದಾರ ವಂಚನೆಯ ದೂರು ಕೊಡಬಹುದು. ಜಮೀನಿನ ನಿಜವಾದ ಒಡೆಯನ ದಾರಿ ಸಿವಿಲ್ ಕೋರ್ಟಿನದು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಈ ವಿಚಾರದ ತಿರುಳು ಬದಲಾಗಿಲ್ಲ. ಹೆದರಿಸಲೆಂದು ಹಾಕಿದ ಕೇಸು ರಾಜಿಗೂ ತೊಡಕು: ಸಿವಿಲ್ ದಾವೆ ಲೋಕ ಅದಾಲತ್ತಿನಲ್ಲಿ ಒಂದೇ ದಿನ ಮುಗಿದೀತು, ಕಟ್ಟಿದ ಕೋರ್ಟು ಶುಲ್ಕವೂ ವಾಪಸಾದೀತು, ಫೋರ್ಜರಿ ಕೇಸನ್ನು ಬಿಡಿಸಿಕೊಳ್ಳಲು ಹೈಕೋರ್ಟಿಗೇ ಓಡಬೇಕು.

ಸದಸ್ಯ ಬಾಂಧವರು ಮಾಡಬೇಕಾದ್ದು ಹೆಚ್ಚೇನಿಲ್ಲ. ವರ್ಷಕ್ಕೊಮ್ಮೆ ಋಣಭಾರ ಪತ್ರ ತೆಗೆಸಿ, ಪಹಣಿ ನೋಡಿ. ಖಾತೆಯ ನೋಟೀಸು ಬಂದರೆ ಅದರಲ್ಲಿ ಹೇಳಿದ ಅವಧಿಯೊಳಗೆ ತಕರಾರು ಬರೆದುಕೊಡಿ. ಪಹಣಿಯೇ ಹಕ್ಕುಪತ್ರವಲ್ಲ, ಆದರೆ ಸುಳ್ಳೆಂದು ಸಾಬೀತಾಗುವವರೆಗೆ ಅದು ನಿಜವೆಂದೇ ಕಾನೂನು ಭಾವಿಸುತ್ತದೆ. ಮೋಸ ತಿಳಿದ ತಾರೀಖನ್ನು ಬರೆದಿಟ್ಟುಕೊಂಡು ಆ ವಾರವೇ ಸಿವಿಲ್ ವಕೀಲರನ್ನು ಕಾಣಿ. ನಿಜವಾಗಿ ಅಪರಾಧವಾಗಿದ್ದರೆ ದೂರನ್ನೂ ಕೊಡಿ. ಮನೆಯ ಹಿರಿಯರು ಯಾವುದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಓದಬಲ್ಲವರೊಬ್ಬರು ಪಕ್ಕದಲ್ಲಿರಲಿ.

ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ನಮ್ಮ ಹಿರಿಯರ ಮಾತು. ಬಾಗಿಲು ತಪ್ಪಿ ಹೋದವನು ಗೆಲ್ಲುವ ಮೊದಲೇ ಸೋಲುತ್ತಾನೆ. ತಿಂಗಳಿಗೊಂದು ದಿನ ವಕೀಲರೊಬ್ಬರು ಸಂಘದ ಕಚೇರಿಯಲ್ಲಿ ಕುಳಿತು ಸದಸ್ಯರ ಕಾಗದಪತ್ರ ನೋಡುವ ಏರ್ಪಾಡಾಗಬೇಕೆಂದು ಮುಂದಿನ ಮಹಾಸಭೆಯಲ್ಲಿ ಸೂಚನೆ ಇಡುವವನಿದ್ದೇನೆ. ಕಾರ್ಯದರ್ಶಿಯ ಅರೆಬೆಂದ ಸಲಹೆಯನ್ನು ನಂಬಿ ಇನ್ನೊಬ್ಬ ಸದಸ್ಯರು ಕೆಡಬಾರದು. ದಯವಿಟ್ಟು ಎಲ್ಲರೂ ಬೆಂಬಲಿಸಬೇಕೆಂದು ವಿನಂತಿ.