ಮುಳ್ಳು ಎಗರಿದರೆ ನಾಣ್ಯ ಇಡಬೇಡಿ

ನಂದಿ ಬೆಟ್ಟದ ಕೆಳಗಿನ ಹಳ್ಳಿಯೊಂದರಲ್ಲಿ ಮೊನ್ನೆ ಒಂದು ಹಳೇ ಮನೆಗೆ ಹೋಗಿದ್ದೆವು. ಅಟ್ಟದಿಂದ ಇಳಿಸಿದ ರೆಕಾರ್ಡ್ ಪ್ಲೇಯರ್ ಹಾಡುತ್ತಿತ್ತು. ತೋಳಿನ ತುದಿಯಲ್ಲಿ, ಮುಳ್ಳಿನ ಮೇಲೆ, ಒಂದು ರೂಪಾಯಿ ನಾಣ್ಯ ಅಂಟಿಸಿದ್ದರು. "ಇಲ್ಲಾಂದ್ರೆ ಎಗರ್ತೈತೆ ಕಣಪ್ಪ" ಅಂದರು ಮನೆಯ ತಾತ.

ಈ ನಾಣ್ಯದ ವೈದ್ಯ ತಪ್ಪು ಅನ್ನುವುದು ನಮ್ಮ ಅಭಿಪ್ರಾಯ. ಎಲ್.ಪಿ. ರೆಕಾರ್ಡಿನ ಮೇಲೆ ಈಗಿನ ಬಹುಪಾಲು ಮುಳ್ಳುಗಳು ಒತ್ತಬೇಕಾದ್ದು ಸುಮಾರು 2 ಗ್ರಾಂ ಮಾತ್ರ. ಒಂದು ರೂಪಾಯಿ ನಾಣ್ಯವೇ 3 ಗ್ರಾಂಗಿಂತ ಹೆಚ್ಚು ತೂಗುತ್ತದೆ. ಎಗರುವುದು ನಿಲ್ಲಬಹುದು, ಆದರೆ ಪ್ರತಿ ಸಲ ಹಾಕಿದಾಗಲೂ ಗೆರೆ ಸವೆಯುತ್ತದೆ. ಹಾಗಂತ ಒತ್ತಡ ತೀರಾ ಕಡಿಮೆ ಮಾಡಿದರೂ ಕಷ್ಟವೇ. ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ. ನೂಲು ಬಿಚ್ಚುವ ಶಿಡ್ಲಘಟ್ಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಎಳೆ ಬಿಗಿಯಾದರೆ ಕಡಿಯುತ್ತದೆ, ಸಡಿಲವಾದರೆ ಗಂಟು ಬೀಳುತ್ತದೆ.

ತೋಳು ನಮ್ಮ ಹಿಂದಿನ ಏತದ ಹಾಗೆ. ಮುಂದೆ ಮುಳ್ಳು, ಹಿಂದೆ ಭಾರ. ಒತ್ತಡ ಕೊಡಲು ಎರಡು ದಾರಿ. ಒಂದು, ಹಿಂದಿನ ಭಾರವನ್ನೇ ಸ್ವಲ್ಪ ಮುಂದಕ್ಕೆ ತರುವುದು. ಇನ್ನೊಂದು, ಭಾರದಿಂದ ತೋಳನ್ನು ಪೂರ್ತಿ ಸಮ ಮಾಡಿ, ಒತ್ತಡವನ್ನು ಸ್ಪ್ರಿಂಗ್‌ನಿಂದ ಕೊಡುವುದು. ಸ್ಪ್ರಿಂಗ್ ಇದ್ದರೆ ಪ್ಲೇಯರ್ ತುಸು ವಾಲಿದರೂ ಒತ್ತಡ ಅಷ್ಟಾಗಿ ಬದಲಾಗುವುದಿಲ್ಲ. ತಾತನ ಮನೆಯಲ್ಲಿದ್ದದ್ದು ಮೊದಲನೆಯದು.

ಅದಕ್ಕೆ ಮಾಡಬೇಕಾದ್ದು ಇಷ್ಟು. ಗಾರೆಯವರ ರಸಮಟ್ಟ ಇಟ್ಟು ಪ್ಲೇಯರ್ ಸಮವಾಗಿದೆಯೇ ನೋಡಿ. ಆಂಟಿ-ಸ್ಕೇಟಿಂಗ್ ಗುಂಡಿ ಸೊನ್ನೆಗಿರಲಿ. ಮುಳ್ಳು ಎಲ್ಲಿಗೂ ತಗುಲದಂತೆ ಹಿಡಿದು, ತೋಳು ಗಾಳಿಯಲ್ಲಿ ಮಟ್ಟಸವಾಗಿ ನಿಲ್ಲುವ ತನಕ ಹಿಂದಿನ ಭಾರ ತಿರುಗಿಸಿ. ಆಮೇಲೆ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಈಗ ಭಾರವನ್ನು ತಿರುಗಿಸಿ, ಮುಳ್ಳಿನ ಕಂಪನಿ ಹೇಳಿದ ಗ್ರಾಂ ಬರುವಂತೆ ಮಾಡಿ. ಆಂಟಿ-ಸ್ಕೇಟಿಂಗ್ ಅನ್ನೂ ಅದೇ ಅಂಕಿಗೆ ಇಡಿ, ಅದು ತೋಳು ಒಳಕ್ಕೆ ಜಾರುವುದನ್ನು ತಡೆಯುತ್ತದೆ. ಅನುಮಾನವಿದ್ದರೆ ಚಿನ್ನ ತೂಗುವ ಪುಟ್ಟ ತಕ್ಕಡಿಯ ಮೇಲೆ ಮುಳ್ಳು ಇಳಿಸಿ ನೋಡಿ.

ಇನ್ನೊಂದು ಮಾತು. 78 ವೇಗದ ಅರಗಿನ ಪ್ಲೇಟುಗಳ ಗೆರೆ ಅಗಲ. ಅವಕ್ಕೆ ದಪ್ಪ ಮುಳ್ಳೇ ಬೇಕು, ಎಲ್.ಪಿ. ಮುಳ್ಳು ಹಾಕಬೇಡಿ. ಕೀಲಿ ಕೊಡುವ ಗ್ರಾಮಫೋನಿನ ಮೇಲೆ ಎಲ್.ಪಿ.ಯನ್ನಂತೂ ಇಡಲೇಬೇಡಿ. ಅದರ ತೋಳು 100 ಗ್ರಾಂಗೂ ಮಿಕ್ಕಿ ಒತ್ತುತ್ತದೆ.

ಹಳೇ ಹಾಡನ್ನು ಮೊಬೈಲಿಗೆ ತುಂಬಿಸಿಕೊಳ್ಳುವ ಆಸೆ ಈಗ ಎಲ್ಲರಿಗೂ ಇದೆ. ತುಂಬಿಸಿಕೊಳ್ಳಿ, ಆದರೆ ಮೊದಲು ತೋಳು ಸರಿಮಾಡಿ.

ತಾತನ ಪ್ಲೇಯರಿನ ನಾಣ್ಯ ಕಿತ್ತೆವು. ಒಂದು ಕಾಲಿನ ಕೆಳಗೆ ರಟ್ಟು ಮಡಿಸಿಟ್ಟು, ಭಾರ ಹೊಂದಿಸಿದೆವು. ಹಾಡು ಕೊನೆತನಕ ಎಗರದೆ ಬಂತು. ಅವರು ದಿನಾ ಹಾಕುತ್ತಿದ್ದ ಪಲ್ಲವಿಯಲ್ಲಿ ಮಾತ್ರ ದನಿ ಗೊರಗೊರ ಅನ್ನುತ್ತಿತ್ತು. ಅಲ್ಲಿ ಗೆರೆ ಆಗಲೇ ಸವೆದಿತ್ತು. ಅದನ್ನು ಯಾವ ಮೆಕ್ಯಾನಿಕ್ಕೂ ವಾಪಸ್ ತರಲಾರ.