ಪಿಯುಸಿ ಕಾಲಂ

ರೆಸ್ಯೂಮೆ ಹೇಗೆ ಬರೀಬೇಕು ಅಂತ ಊರಿನ ಹುಡುಗರು ಕೇಳ್ತಾರೆ. ಫಾಂಟು, ಹಾಬೀಸ್ ಎಲ್ಲ ಆಮೇಲೆ ಮಾರಾಯ್ರೆ! ಫ್ರೆಶರ್‌ಗಳನ್ನು ಆರಿಸುವ ನಾವು ಮೊದಲು ರೆಸ್ಯೂಮೆ ಓದೋದೇ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60 ಇದೆಯಾ ಅಂತ ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕ್ತೀವಿ, ಅಷ್ಟೆ. ಹತ್ತನೇ ಕ್ಲಾಸಿನವರೆಗೆ ‘ವೇಗೋತ್ಕರ್ಷ’ ಅಂತ ಓದಿದವನಿಗೆ ‘ಆಕ್ಸಲರೇಷನ್’ ಅಂದರೆ ಅದೇ ಅಂತ ಹೊಳೆಯುವಷ್ಟರಲ್ಲಿ ಪಿಯುಸಿ ಅರ್ಧ ಮುಗಿದಿರುತ್ತೆ. ನನಗೆ ಬಂದಿದ್ದು ಶೇ. 57. ಬಿಇಯಲ್ಲಿ 74 ತೆಗೆದರೂ ಕ್ಯಾಂಪಸ್ಸಿಗೆ ಬಂದ ಕಂಪನಿ ಟೆಸ್ಟಿಗೂ ಕೂರಿಸಲಿಲ್ಲ. ಹದಿನೇಳರ ಇಂಗ್ಲಿಷಿಗೂ ಇಪ್ಪತ್ತೆರಡರ ಕೋಡಿಗೂ ಏನು ಸಂಬಂಧ? ಈ ವರ್ಷ ಫಿಲ್ಟರ್ ಹಾಕುವ ಕೆಲಸ ನನ್ನ ಪಾಲಿಗೇ ಬಂತು. ಪಿಯುಸಿ ಕಾಲಮ್ಮನ್ನೇ ಡಿಲೀಟ್ ಮಾಡಿ ಕಳಿಸಿದ್ದೀನಿ. ಎಚ್ಆರ್‌ನಿಂದ ಇನ್ನೂ ಫೋನ್ ಬಂದಿಲ್ಲ.