ಆರೋಗ್ಯದ ಮಾತು: ತೆಳ್ಳಗಿದ್ದೀವಿ ಅಂತ ಸುಮ್ಮನಿರೋ ಹಾಗಿಲ್ಲ



2025ರ ಜೂನ್ ತಿಂಗಳು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು ಅನ್ನೋ ಸುದ್ದಿ ಬಂತು. ಊರಿಂದ ಫೋನ್ ಮೇಲೆ ಫೋನ್. "ಎದೆ ನೋವು ಗಿದೆ ನೋವು ಏನೂ ಇಲ್ಲ ತಾನೇ? ಒಂದ್ಸಲ ತೋರಿಸ್ಕೊಳ್ಳಪ್ಪಾ" ಅಂತ ಅಮ್ಮಂದಿರು ಹೇಳೋರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು. ಎರಡು ಸಲವೂ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು.

ಆಮೇಲೆ ಏನಾಯ್ತು ಅನ್ನೋದು ವಾಟ್ಸಾಪ್‌ನಲ್ಲಿ ಅಷ್ಟಾಗಿ ಓಡಾಡಲಿಲ್ಲ. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಹಿಂದಿನದಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಹೃದಯದ ಸಾವು ದಿಢೀರನೆ ಏರಿಲ್ಲ ಅಂತ ಸಮಿತಿ ಹೇಳಿತು. ಕೋವಿಡ್ ಲಸಿಕೆಯಿಂದಲೇ ಹೀಗಾಗ್ತಿದೆ ಅನ್ನೋ ವಾದವೂ ಜೋರಾಗಿತ್ತು. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವಿನ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ಮನೆಯಲ್ಲಿ ಹಿಂದೆ ಹಠಾತ್ ಸಾವು ಆಗಿರೋದು, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದದ್ದು, ಸಾಯೋ ಮುಂಚಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದದ್ದು, ವಿಪರೀತ ದೇಹ ದಂಡಿಸಿದ್ದು.

ಹಾಗಾದ್ರೆ ಭಯ ಸುಳ್ಳಾ? ಇಲ್ಲ. ಹಾಸನದಲ್ಲಿ ಹೊಸ ಏರಿಕೆ ಇಲ್ಲ ಅಂದ್ರೆ, ನಮ್ಮವರಿಗೆ ಈ ಕಾಯಿಲೆ ಬೇಗ ಬರೋದು ಮೊದಲಿಂದಲೂ ಇದೆ ಅಂತ ಅರ್ಥ. ಇಲ್ಲಿಗೆ ಬಂದ ಮಾತ್ರಕ್ಕೆ ಅದು ನಮ್ಮನ್ನು ಬಿಡೋದೂ ಇಲ್ಲ.

ಇದಕ್ಕೆ ಸಾಕ್ಷಿ ನಮ್ಮ ಬೇ ಏರಿಯಾದಲ್ಲೇ ಇದೆ. ಯುಸಿಎಸ್‌ಎಫ್‌ನ ಡಾ. ಅಲ್ಕಾ ಕನಾಯ ಮತ್ತು ಅವರ ಜೊತೆಯವರು 2010ರಲ್ಲಿ 'ಮಸಾಲಾ' ಅನ್ನೋ ಅಧ್ಯಯನ ಶುರು ಮಾಡಿದರು. ಹೆಸರು ಅಡುಗೆಮನೆಯದಾದರೂ ಕೆಲಸ ಗಂಭೀರ. ಬೇ ಏರಿಯಾ ಮತ್ತು ಶಿಕಾಗೋದಲ್ಲಿರೋ ದಕ್ಷಿಣ ಏಷ್ಯಾ ಮೂಲದ, ಆಗ ಹೃದ್ರೋಗ ಇಲ್ಲದ 906 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುತ್ತಾ ಬಂದಿದ್ದಾರೆ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದಾಗ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಶೇ. 23, ಬಿಳಿಯರಲ್ಲಿ ಶೇ. 6. ಇನ್ನೊಂದು ಲೆಕ್ಕ ಇನ್ನೂ ಬೆಚ್ಚಿಬೀಳಿಸುತ್ತೆ. ತೂಕ 'ನಾರ್ಮಲ್' ಇದ್ದ ನಮ್ಮವರಲ್ಲಿ ಶೇ. 44 ಜನಕ್ಕೆ ಬಿಪಿ, ಸಕ್ಕರೆ, ಕೊಬ್ಬು ಇಂಥದ್ದರಲ್ಲಿ ಎರಡಾದರೂ ಕೆಟ್ಟಿದ್ದವು. ಬಿಳಿಯರಲ್ಲಿ ಇದು ಶೇ. 21. ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಕೂರೋದು ಇದಕ್ಕೆ ಒಂದು ಕಾರಣ ಇರಬಹುದು.

ಇಲ್ಲಿಂದಲೇ ವೈದ್ಯರ ನಡುವಿನ ಚರ್ಚೆಗಳೂ ಶುರು.

ಮೊದಲನೆಯದು ತೂಕದ ಗೆರೆ. ಬಿಎಂಐ 25 ದಾಟಿದರೆ ಮಾತ್ರ 'ಹೆಚ್ಚು ತೂಕ' ಅನ್ನೋದು ಹಳೇ ರೂಢಿ. ಏಷ್ಯಾ ಮೂಲದವರಿಗೆ 23ಕ್ಕೇ ಸಕ್ಕರೆ ಪರೀಕ್ಷೆ ಯೋಚಿಸಬೇಕು ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೇಳಿತು. 170 ಸೆಂ.ಮೀ. ಎತ್ತರದವರಿಗೆ ಇದು 72 ಕೆ.ಜಿ. ಮತ್ತು 66 ಕೆ.ಜಿ. ನಡುವಿನ ವ್ಯತ್ಯಾಸ. ನಮ್ಮಲ್ಲೊಬ್ಬರಿಗೆ ಆಗ 33 ವರ್ಷ, 68 ಕೆ.ಜಿ., ರಾತ್ರಿ ಪಾಳಿ ಕೆಲಸ, ಊರಲ್ಲಿ ಅಪ್ಪನಿಗೆ ಸಕ್ಕರೆ. "ತೂಕ ಚೆನ್ನಾಗಿದೆ" ಅಂತ ಕ್ಲಿನಿಕ್‌ನವರು ಬೆನ್ನು ತಟ್ಟಿ ಕಳಿಸಿದರು, ಇವರೂ ಕೇಳಲಿಲ್ಲ. ಎರಡು ವರ್ಷ ಆದಮೇಲೆ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಕ್ಕರೆ ಸಿಕ್ಕಿಬಿತ್ತು. ಆ ಎರಡು ವರ್ಷ ವಾಪಸ್ ಬರಲ್ಲ.

ಎರಡನೆಯದು ಹೃದಯಾಘಾತದ ಅಪಾಯ ಲೆಕ್ಕ ಹಾಕೋ ಸೂತ್ರ. 2013ರ ಸೂತ್ರ ಬಿಳಿಯರು, ಕರಿಯರು ಅಂತ ಎರಡೇ ಗುಂಪು ನೋಡಿ ಮಾಡಿದ್ದು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 'ಪ್ರಿವೆಂಟ್' ಅನ್ನೋ ಹೊಸ ಸೂತ್ರ ತಂದು ಜನಾಂಗದ ಪ್ರಶ್ನೆಯನ್ನೇ ತೆಗೆದುಹಾಕಿತು. ಜನಾಂಗ ಅನ್ನೋದು ದೇಹದೊಳಗಿನ ಗುಣವಲ್ಲ, ಆದ್ದರಿಂದ ಇದು ನ್ಯಾಯ ಅಂತ ಒಂದು ಪಕ್ಷ. ಹೊಸ ಸೂತ್ರದಲ್ಲಿ ಎಷ್ಟೋ ಜನರ ಅಪಾಯದ ಅಂಕಿ ಹಳೆಯದಕ್ಕಿಂತ ಕಡಿಮೆ ಬರುತ್ತೆ, ದಕ್ಷಿಣ ಏಷ್ಯಾದವರ ಅಪಾಯ ಅದರಲ್ಲಿ ಮುಚ್ಚಿಹೋಗಬಹುದು ಅಂತ ಇನ್ನೊಂದು ಪಕ್ಷ. ಎರಡೂ ಮಾತಲ್ಲಿ ಹುರುಳಿದೆ. ನಮಗೆ ಬೇಕಾದದ್ದು ಇಷ್ಟು: ಆ ಸೂತ್ರ ನಿಮ್ಮ ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಯ್ತು ಅಂತ ಕೇಳೋದಿಲ್ಲ. ನೀವೇ ಹೇಳಬೇಕು. ದಕ್ಷಿಣ ಏಷ್ಯಾ ಮೂಲ ಮತ್ತು ಮನೆತನದ ಹೃದ್ರೋಗ, ಎರಡನ್ನೂ 'ಅಪಾಯ ಹೆಚ್ಚಿಸುವ ಅಂಶ' ಅಂತ ಇಲ್ಲಿನ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯೇ ಗುರುತಿಸಿದೆ. ಹೇಳೋಕೆ ಸಂಕೋಚ ಬೇಡ.

ಮೂರನೆಯದು ಆಸ್ಪಿರಿನ್. ಊರಿಂದ ಬರೋ ಅಪ್ಪ, ಅತ್ತೆ, ಮಾವ ಎಷ್ಟೋ ಜನ "ರಕ್ತ ತೆಳ್ಳಗಿರ್ಲಿ" ಅಂತ ತಾವಾಗೇ ದಿನಾ ಒಂದು ನುಂಗುತ್ತಾರೆ. 2018ರಲ್ಲಿ ಮೂರು ದೊಡ್ಡ ಅಧ್ಯಯನ ಬಂದ ಮೇಲೆ ಈ ಲೆಕ್ಕ ಬದಲಾಯ್ತು. ಹೃದ್ರೋಗ ಇಲ್ಲದ ವಯಸ್ಸಾದವರಲ್ಲಿ ಲಾಭಕ್ಕಿಂತ ಹೊಟ್ಟೆಯಲ್ಲಿ, ಮೆದುಳಲ್ಲಿ ರಕ್ತಸ್ರಾವದ ಭಯವೇ ದೊಡ್ಡದು. 60 ದಾಟಿದವರು ಮುಂಜಾಗ್ರತೆಗೆ ಅಂತ ಹೊಸದಾಗಿ ಶುರು ಮಾಡಬಾರದು ಅಂತ 2022ರಲ್ಲಿ ಇಲ್ಲಿನ ತಜ್ಞರ ಮಂಡಳಿ ಹೇಳಿದೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹೃದಯಾಘಾತ ಆದವರು ಇದನ್ನು ಓದಿ ನಿಲ್ಲಿಸಬೇಡಿ. ಅವರ ಮಾತೇ ಬೇರೆ. ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು.

ಹಾಗಾದರೆ ಈ ತಿಂಗಳು ಮಾಡೋದೇನು?

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಿಪಿ, ಕೊಲೆಸ್ಟರಾಲ್, ಎಚ್‌ಬಿಎ1ಸಿ ಮೂರನ್ನೂ ಕೇಳಿ. 35 ದಾಟಿದ್ದರೆ ಸಕ್ಕರೆ ಪರೀಕ್ಷೆ ತೂಕ ನೋಡದೇ ಮಾಡಬೇಕಾದದ್ದು. ಮನೆಯಲ್ಲಿ ಬೇಗ ಹೃದ್ರೋಗ ಬಂದಿದ್ದರೆ ಲಿಪೊಪ್ರೋಟೀನ್ ಎ ಪರೀಕ್ಷೆ ಬೇಕಾ ಅಂತಲೂ ಕೇಳಿ. ಅದು ಹುಟ್ಟಿನಿಂದ ಬರೋ ಕೊಬ್ಬು, ಜೀವಮಾನದಲ್ಲಿ ಸಾಮಾನ್ಯವಾಗಿ ಒಂದು ಸಲ ನೋಡಿದರೆ ಸಾಕು. ಇನ್ಶೂರೆನ್ಸ್ ಕೊಡುತ್ತಾ ಅಂತ ಮೊದಲೇ ವಿಚಾರಿಸಿ. ಮನೆಯಲ್ಲೇ ಟೇಪ್ ಹಿಡಿದು ಸೊಂಟ ಅಳೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಅನ್ನ ಬಿಡಿ ಅಂತ ನಾವು ಹೇಳಲ್ಲ. ತಟ್ಟೆಯಲ್ಲಿ ಅರ್ಧ ಪಲ್ಯ, ಕೋಸಂಬರಿ ಇರಲಿ. ಸಂಜೆ ಲೇಕ್ ಎಲಿಜಬೆತ್ ಸುತ್ತ ಒಂದು ಸುತ್ತು ಹಾಕಿ. ಬೀಡಿ, ಸಿಗರೇಟು ಮಾತ್ರ ಪೂರ್ತಿ ಬಿಡಿ.

ಕೊನೆಯದಾಗಿ, ಇದೊಂದನ್ನು ಮರೀಬೇಡಿ. ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ದವಡೆಗೋ ಎಡಗೈಗೋ ಹರಿದರೆ "ಗ್ಯಾಸ್ ಇರ್ಬೇಕು" ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಹೆಂಗಸರಿಗೆ, ಸಕ್ಕರೆ ಇರೋರಿಗೆ ಬರೀ ಸುಸ್ತು, ಉಸಿರುಕಟ್ಟು, ವಾಕರಿಕೆಯಾಗಿಯೂ ಬರಬಹುದು. ತಾವೇ ಕಾರು ಓಡಿಸಿಕೊಂಡು ಹೋಗಬೇಡಿ. 911ಕ್ಕೆ ಫೋನ್ ಮಾಡಿ. ಬಿಲ್ ಎಷ್ಟಾಗುತ್ತೋ, ಕೆಲಸ ಹೋದ ಮೇಲೆ ಇನ್ಶೂರೆನ್ಸ್ ಇಲ್ಲ, ಅಮ್ಮ ವಿಸಿಟರ್ ವೀಸಾದಲ್ಲಿ ಇದ್ದಾರೆ ಅಂತ ಹಿಂದೆ ಮುಂದೆ ನೋಡೋರು ನಮ್ಮಲ್ಲೇ ಇದ್ದಾರೆ. 1986ರ ಫೆಡರಲ್ ಕಾನೂನಿನ ಪ್ರಕಾರ ಮೆಡಿಕೇರ್ ಪಡೆಯೋ ಆಸ್ಪತ್ರೆಯ ತುರ್ತು ವಿಭಾಗ ಹಣ, ಇನ್ಶೂರೆನ್ಸ್, ವೀಸಾ ಏನೇ ಇದ್ದರೂ ಮೊದಲು ಪರೀಕ್ಷೆ ಮಾಡಿ ಜೀವಾಪಾಯ ಇಲ್ಲದ ಹಾಗೆ ನೋಡಿಕೊಳ್ಳಲೇಬೇಕು. ಬಿಲ್ ಬರುತ್ತೆ, ಸುಳ್ಳು ಹೇಳಲ್ಲ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಕಡಿಮೆ ಆದಾಯದವರಿಗೆ ರಿಯಾಯಿತಿ ಯೋಜನೆ ಇರುತ್ತೆ, ಆಮೇಲೆ ಅರ್ಜಿ ಹಾಕಬಹುದು. ಭಾಷೆ ಕಷ್ಟವಾದರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೇಳೋ ಹಾಗಿಲ್ಲ.

ಬಿಲ್ಲನ್ನು ಕಂತಲ್ಲಿ ಕಟ್ಟಬಹುದು. ಊರಿಗೆ ಮಾಡೋ ಭಾನುವಾರದ ಫೋನನ್ನು ಮಾತ್ರ ನಿಮ್ಮ ಬದಲಿಗೆ ಬೇರೆ ಯಾರೂ ಮಾಡೋಕಾಗಲ್ಲ. ಈ ಪುಟ ಓದಿದ ಮೇಲೆ ಪಕ್ಕದ ಮನೆಯವರಿಗೂ ಕೊಡಿ. ಮುಂದಿನ ತಿಂಗಳು ಸಿಗೋಣ.